ಹೈ-ಗ್ರೇಡ್ ನ್ಯೂರೋಎಂಡೋಕ್ರೈನ್ ಗೆಡ್ಡೆ: ಕೀಮೋಗೆ ಮುನ್ನ ಸ್ಲೈಡ್‌ನ ಮರುಪರಿಶೀಲನೆ ಕಡ್ಡಾಯವಾಗಬೇಕೇ?

ಪರ: ಒಬ್ಬ ಪ್ಯಾಥಾಲಜಿಸ್ಟ್

ಜಠರ, ಕರುಳು, ಮೇದೋಜೀರಕ ಗ್ರಂಥಿಗಳಲ್ಲಿ, ಹಾರ್ಮೋನು ತಯಾರಿಸುವ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗೆಡ್ಡೆಯ ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ ರೋಗಿಯ ಮನೆಯವರೂ, ಎಷ್ಟೋ ವೇಳೆ ವೈದ್ಯರೂ, ಮೊದಲು ಹುಡುಕುವುದು ಕಿ-67 ಎಂಬ ಸಂಖ್ಯೆಯನ್ನು. ನೂರು ಗೆಡ್ಡೆಕೋಶಗಳಲ್ಲಿ ಎಷ್ಟು ಕೋಶಗಳು ವಿಭಜನೆಯ ಹಾದಿಯಲ್ಲಿವೆ ಎಂಬುದನ್ನು ಅದು ತಿಳಿಸುತ್ತದೆ. 20 ದಾಟಿದರೆ ಗ್ರೇಡ್ 3, ಅಂದರೆ ವೇಗವಾಗಿ ಬೆಳೆಯುವ ದರ್ಜೆ. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರ್ಗೀಕರಣವು ಗ್ರೇಡ್ 3 ಆದ ಎಲ್ಲವನ್ನೂ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ, ಅಂದರೆ ಎನ್‌ಇಸಿ, ಎಂಬ ಒಂದೇ ಹೆಸರಿನಡಿ ತಂದಿತ್ತು. 2017ರಲ್ಲಿ ಮೇದೋಜೀರಕ ಗ್ರಂಥಿಯ ಮಟ್ಟಿಗೆ, 2019ರಲ್ಲಿ ಇಡೀ ಜೀರ್ಣಾಂಗ ವ್ಯೂಹಕ್ಕೆ ಇದನ್ನು ತಿದ್ದಲಾಯಿತು. ಈಗ ಕೋಶಗಳು ತಮ್ಮ ಮೂಲ ರಚನೆಯನ್ನು ಉಳಿಸಿಕೊಂಡಿದ್ದರೆ ಅದು ನ್ಯೂರೋಎಂಡೋಕ್ರೈನ್ ಟ್ಯೂಮರ್ (ನೆಟ್) ಗ್ರೇಡ್ 3, ರಚನೆ ಕೆಟ್ಟುಹೋಗಿದ್ದರೆ ಎನ್‌ಇಸಿ. ಎರಡರಲ್ಲೂ ಕಿ-67 ಇಪ್ಪತ್ತಕ್ಕಿಂತ ಹೆಚ್ಚೇ. ಆದರೆ ಇವು ಎರಡು ಬೇರೆ ಕಾಯಿಲೆಗಳು. ಎನ್‌ಇಸಿಯಲ್ಲಿ ಸಾಮಾನ್ಯವಾಗಿ ಟಿಪಿ53, ಆರ್‌ಬಿ1 ಜೀನ್‌ಗಳು ಕೆಟ್ಟಿರುತ್ತವೆ. ಮೇದೋಜೀರಕ ಗ್ರಂಥಿಯ ನೆಟ್‌ನಲ್ಲಿ ಕೆಡುವುದು ಹೆಚ್ಚಾಗಿ ಎಂಇಎನ್1, ಡಿಎಎಕ್ಸ್‌ಎಕ್ಸ್, ಎಟಿಆರ್‌ಎಕ್ಸ್.

ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ ಎಂಬುದೇ ನನ್ನ ವಾದದ ತಿರುಳು. ಎನ್‌ಇಸಿಗೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಜೊತೆ ಎಟೊಪೊಸೈಡ್ ಕೊಡುತ್ತಾರೆ. ನಾರ್ಡಿಕ್ ದೇಶಗಳ 305 ರೋಗಿಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿ-67 55ಕ್ಕಿಂತ ಕಡಿಮೆ ಇದ್ದವರಲ್ಲಿ ಈ ಕೀಮೋಗೆ ಗೆಡ್ಡೆ ಕುಗ್ಗಿದ್ದು ಶೇ. 15 ಮಂದಿಗೆ ಮಾತ್ರ. 55 ಮತ್ತು ಅದಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 42. ನೆಟ್ ಗ್ರೇಡ್ 3 ಆದರೆ ಕೇಪ್‌ಸಿಟಬಿನ್-ಟೆಮೊಜೊಲೊಮೈಡ್ ಮಾತ್ರೆಗಳಿವೆ; ಗೆಡ್ಡೆಯ ಮೇಲೆ ಸೊಮ್ಯಾಟೊಸ್ಟಾಟಿನ್ ಎಂಬ ಹಾರ್ಮೋನಿನ ಗ್ರಾಹಕಗಳಿದ್ದರೆ, ಅವುಗಳಿಗೆ ಅಂಟಿಕೊಂಡು ಗೆಡ್ಡೆಗೆ ವಿಕಿರಣ ಕೊಡುವ ಲುಟೇಶಿಯಂ-177 ಚಿಕಿತ್ಸೆಯಿದೆ. 2024ರಲ್ಲಿ ಪ್ರಕಟವಾದ ನೆಟ್ಟರ್-2 ಪ್ರಯೋಗದಲ್ಲಿ ಗ್ರೇಡ್ 2 ಮತ್ತು 3ರ 226 ರೋಗಿಗಳಿದ್ದರು. ಲುಟೇಶಿಯಂ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಮಾಂಕ 22.8 ತಿಂಗಳು, ಅದೇ ಹಾರ್ಮೋನನ್ನು ಹೋಲುವ ಆಕ್ಟ್ರಿಯೊಟೈಡ್ ಔಷಧವನ್ನು ಮಾತ್ರ ಹೆಚ್ಚಿನ ಪ್ರಮಾಣದಲ್ಲಿ ಪಡೆದವರಲ್ಲಿ 8.5. ಇದು ವಿದೇಶದಲ್ಲಿ ಮಾತ್ರ ಸಿಗುವ ಔಷಧವೂ ಅಲ್ಲ. ಮುಂಬಯಿಯ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ ಲುಟೇಶಿಯಂ ತಯಾರಾಗುತ್ತದೆ.

ನಾನು ಮರೆಯಲಾರದ ಸ್ಲೈಡ್ ಒಂದಿದೆ. ನಲವತ್ತಾರು ವರ್ಷದ ಮಹಿಳೆ, ಮೇದೋಜೀರಕ ಗ್ರಂಥಿಯ ಗೆಡ್ಡೆ, ಯಕೃತ್ತಿಗೂ ಹರಡಿತ್ತು. ರಿಪೋರ್ಟಿನಲ್ಲಿ ‘ಎನ್‌ಇಸಿ, ಕಿ-67 ಶೇ. 30’ ಎಂದಿತ್ತು. ನನ್ನ ಬಳಿಗೆ ಬರುವ ಹೊತ್ತಿಗೆ ಎರಡು ಸುತ್ತು ಸಿಸ್‌ಪ್ಲಾಟಿನ್ ಮುಗಿದು, ಅವರ ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು ಶುರುವಾಗಿತ್ತು. ಸ್ಕ್ಯಾನಿನಲ್ಲಿ ಗೆಡ್ಡೆ ಇದ್ದಷ್ಟೇ ಇತ್ತು. ಕೋಶಗಳು ಸಣ್ಣ ಸಣ್ಣ ಗುಂಪುಗಳಾಗಿ, ನಡುವೆ ತೆಳುವಾದ ರಕ್ತನಾಳಗಳನ್ನು ಇಟ್ಟುಕೊಂಡು, ಅಚ್ಚುಕಟ್ಟಾಗಿ ಕುಳಿತಿದ್ದವು; ಕೊಳೆತ ಭಾಗ ಎಲ್ಲಿಯೂ ಇರಲಿಲ್ಲ. ಆರ್‌ಬಿ1 ಜೀನಿನ ಪ್ರೋಟೀನ್ ಇದ್ದರೆ ಕಂದಾಗುವ ಆರ್‌ಬಿ ಬಣ್ಣ ಹಾಕಿಸಿದೆ. ಎನ್‌ಇಸಿಯಲ್ಲಿ ಅನೇಕ ಸಲ ಗೆಡ್ಡೆಯ ಕೋಶಬೀಜಗಳು ನೀಲಿಯಾಗಿಯೇ ಉಳಿದು ಪಕ್ಕದ ರಕ್ತನಾಳದ ಕೋಶಗಳು ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತವೆ. ಇಲ್ಲಿ ಎರಡೂ ಕಂದಾದವು. ಸೊಮ್ಯಾಟೊಸ್ಟಾಟಿನ್ ಗ್ರಾಹಕಗಳನ್ನು ತೋರಿಸುವ ಗ್ಯಾಲಿಯಂ ಸ್ಕ್ಯಾನಿನಲ್ಲಿ ಯಕೃತ್ತಿನ ಒಂದೊಂದು ಗೆಡ್ಡೆಯೂ ಹೊಳೆಯಿತು. ಮೊದಲ ದಿನವೇ ಲುಟೇಶಿಯಂ ದಾರಿ ಹಿಡಿಯಬಹುದಾಗಿದ್ದ ಹೆಂಗಸು ಅವರು. ಮೊದಲ ರಿಪೋರ್ಟ್ ಬರೆದವರು ಅಸಡ್ಡೆ ಮಾಡಿದರೆಂದು ನಾನು ಹೇಳುವುದಿಲ್ಲ. ವರ್ಷಕ್ಕೆ ಒಂದೆರಡು ಇಂಥ ಸ್ಲೈಡ್ ನೋಡುವವರು, ಸೂಜಿಯಿಂದ ತೆಗೆಯುವಾಗ ನಜ್ಜುಗುಜ್ಜಾದ ಎಳೆಯಷ್ಟು ಮಾಂಸದಲ್ಲಿ, ಇನ್ನೇನು ತಾನೆ ಕಂಡಾರು?

ಆದ್ದರಿಂದಲೇ ಎರಡನೆಯ ಕಣ್ಣು ಬೇಕು, ಮತ್ತು ಅದು ಚಿಕಿತ್ಸಕರ ಮರ್ಜಿಗೆ ಬಿಟ್ಟ ವಿಷಯವಾಗಬಾರದು. ಕಾಯುವಷ್ಟು ಸಮಯವಿಲ್ಲ ಎನ್ನುವವರು ಸ್ಕ್ಯಾನಿನ ಸರದಿಗಾಗಿ, ವಿಮೆಯ ಒಪ್ಪಿಗೆಗಾಗಿ ವಾರಗಟ್ಟಲೆ ಕಾಯುವುದನ್ನು ನಾನು ನೋಡಿದ್ದೇನೆ. ರೋಗದ ಹೆಸರನ್ನು ಖಚಿತಪಡಿಸಿಕೊಳ್ಳುವ ಮಾತು ಬಂದಾಗ ಮಾತ್ರ ಅವರಿಗೆ ಅವಸರ ನೆನಪಾಗುತ್ತದೆ.

ವಿರೋಧ: ಒಬ್ಬ ಕ್ಯಾನ್ಸರ್ ವೈದ್ಯ

ನನಗೆ ವಹಿಸಿರುವುದು ವಿರೋಧದ ಬದಿ. ಮರುಪರಿಶೀಲನೆಯೇ ಬೇಡವೆಂದು ನಾನು ಬರೆಯಲಾರೆ. ಕಿ-67 20ರಿಂದ 55ರ ನಡುವೆ ಇದ್ದರೆ ನಾನೂ ಬ್ಲಾಕನ್ನು, ಅಂದರೆ ಬಯಾಪ್ಸಿಯ ಮಾಂಸವನ್ನು ಹುದುಗಿಸಿಟ್ಟ ಮೇಣದ ತುಂಡನ್ನು, ದೊಡ್ಡ ಕೇಂದ್ರಕ್ಕೆ ಕಳಿಸುತ್ತೇನೆ. ನನ್ನ ತಕರಾರು ಇರುವುದು ‘ಕಡ್ಡಾಯ’ ಎಂಬ ಪದದ ಬಗ್ಗೆ. ಕಡ್ಡಾಯವೆಂದ ಮೇಲೆ ಅದು ಎಲ್ಲರಿಗೂ ಅನ್ವಯಿಸುತ್ತದೆ. ಸಣ್ಣ ಕೋಶದ ಎನ್‌ಇಸಿ ಎಂದು ಮೊದಲ ನೋಟಕ್ಕೇ ತಿಳಿಯುವ, ಕಿ-67 90 ಇರುವ ರೋಗಿಗೂ ಅನ್ವಯಿಸುತ್ತದೆ. ಅಂಥವರ ಗೆಡ್ಡೆ ವಾರದಿಂದ ವಾರಕ್ಕೆ ಬೆಳೆಯುತ್ತದೆ. ಜಪಾನಿನ ಟಾಪಿಕ್-ಎನ್‌ಇಸಿ ಪ್ರಯೋಗದಲ್ಲಿ 170 ರೋಗಿಗಳಿಗೆ ಸಿಸ್‌ಪ್ಲಾಟಿನ್ ಜೊತೆ ಎಟೊಪೊಸೈಡ್ ಅಥವಾ ಇರಿನೊಟೆಕಾನ್ ಕೊಟ್ಟು ಹೋಲಿಸಿದರು. ಬದುಕಿದ ಅವಧಿಯ ಮಧ್ಯಮಾಂಕ ಕ್ರಮವಾಗಿ 12.5 ಮತ್ತು 10.9 ತಿಂಗಳು, ಅಂದರೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಒಟ್ಟು ಒಂದು ವರ್ಷದ ಆಯುಷ್ಯದಲ್ಲಿ ಮರುಪರಿಶೀಲನೆಗೆಂದು ಕಳೆದುಹೋಗುವ ಇಪ್ಪತ್ತು ದಿನವೆಂದರೆ ಎಷ್ಟು ದೊಡ್ಡ ಪಾಲು ಎಂಬುದನ್ನು ಸೂಕ್ಷ್ಮದರ್ಶಕದ ಮುಂದೆ ಕುಳಿತವರು ಯೋಚಿಸುವುದು ಕಡಿಮೆ.

ಹಾವೇರಿ ಕಡೆಯ ಒಬ್ಬ ರೈತರು, ಐವತ್ತೆಂಟು ವರ್ಷ, ಗುದನಾಳದ ಎನ್‌ಇಸಿ; ನನ್ನ ಒಪಿಡಿಗೆ ನಡೆದುಕೊಂಡೇ ಬಂದಿದ್ದರು. ಯಕೃತ್ತಿನಲ್ಲಿ ಗೆಡ್ಡೆಗಳಿದ್ದರೂ, ಯಕೃತ್ತು ಸೋತಂತೆ ರಕ್ತದಲ್ಲಿ ಏರುವ ಬಿಲಿರುಬಿನ್ ಇನ್ನೂ 1.1 ಇತ್ತು, ಮರುದಿನವೇ ಕೀಮೋ ಶುರು ಮಾಡಬಹುದಾಗಿತ್ತು. ಆಗ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಎರಡನೆಯ ರಿಪೋರ್ಟ್ ಇಲ್ಲದೆ ಔಷಧ ಕೊಡಬಾರದೆಂಬ ನಿಯಮವಿತ್ತು. ಅವರ ಮಗ ಮೇಣದ ಬ್ಲಾಕನ್ನು ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದ. ಅಲ್ಲಿ ಬ್ಲಾಕಿನಲ್ಲಿ ಮಾಂಸ ಸಾಲದೆಂದರು. ಮತ್ತೆ ಬಯಾಪ್ಸಿಯಾಯಿತು, ಮತ್ತೆ ಬಸ್ಸು. ನಾನು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದೆ. ಬಿಲಿರುಬಿನ್ 2 ಆಯಿತು, 4 ಆಯಿತು; ಅಷ್ಟಾದ ಮೇಲೆ ಎಟೊಪೊಸೈಡ್ ಪ್ರಮಾಣವನ್ನು ಕತ್ತರಿಸದೆ ಕೊಡುವಂತಿಲ್ಲ. ಇಪ್ಪತ್ತೆರಡನೆಯ ದಿನ ರಿಪೋರ್ಟ್ ಹಿಡಿದು ಮಗ ಬಂದಾಗ ತಂದೆಯನ್ನು ಸ್ಟ್ರೆಚರ್ ಮೇಲೆ ಕರೆತಂದಿದ್ದರು. ಕೀಮೋ ತಾಳುವ ಶಕ್ತಿ ಆ ದೇಹದಲ್ಲಿ ಉಳಿದಿರಲಿಲ್ಲ. ನೋವಿಗೆ ಮಾರ್ಫಿನ್ ಬರೆದು ಮನೆಗೆ ಕಳಿಸಿದೆ. ಎರಡನೆಯ ರಿಪೋರ್ಟಿನಲ್ಲಿಯೂ ಮೊದಲಿನದೇ ಸಾಲಿತ್ತು: ಸಣ್ಣ ಕೋಶದ ಎನ್‌ಇಸಿ, ಕಿ-67 ಶೇ. 90.