ಮಂಗಳೂರಿಗೆ ಹೋದರೆ ಬೀಚ್ ಬಿಡಿ, ದೋಣಿ ಹತ್ತಿ

ಕಾಫಿ ಕೊಯ್ಲು ಮುಗಿದು, ಲೆಕ್ಕ ಚುಕ್ತಾ ಮಾಡಿ, ಕಾಫಿ ಗಿಡ ಹೂ ಬಿಡಿಸುವ ಹೂವಿನ ಮಳೆಗೆ ಕಾಯುತ್ತಾ ಕೂರುವ ಹತ್ತು ಹದಿನೈದು ದಿನ ಇರುತ್ತಲ್ಲ, ಆಗ ನಾವು ನಾಲ್ಕು ಜನ ಎರಡು ದಿನಕ್ಕೆ ಮಂಗಳೂರಿಗೆ ಹೋಗಿ ಬಂದೆವು. ಮನೆಯಲ್ಲಿ ಹೇಳಿದಾಗ ಬಂದ ಮೊದಲ ಪ್ರಶ್ನೆ, "ಯಾರಿಗೆ ಹುಷಾರಿಲ್ಲ?"

ಅದೇ ನೋಡಿ. ಘಟ್ಟದ ಮೇಲಿನ ನಮಗೆ ಮಂಗಳೂರು ಅಂದರೆ ಆಸ್ಪತ್ರೆ, ಇಲ್ಲವೇ ಏರ್‌ಪೋರ್ಟ್. ಸುಮ್ನೆ ಹೋದರೂ ಪಣಂಬೂರು ಬೀಚಿನಲ್ಲಿ ಪ್ಯಾಂಟ್ ಮಡಚಿಕೊಂಡು ನಿಂತು, ಒಂದು ಗಡ್‌ಬಡ್ ತಿಂದು ವಾಪಸ್. ಆ ಊರಿನ ಎರಡೂ ಪಕ್ಕ ನದಿ ಇದೆ, ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಗುರುಪುರ ಹೊಳೆ ಅಂತ ಕರೆಯುವ ಫಲ್ಗುಣಿ, ಅನ್ನುವುದನ್ನು ನಾನೇ ನಲವತ್ತು ವರ್ಷ ಸರಿಯಾಗಿ ಗಮನಿಸಿರಲಿಲ್ಲ. ನಾಚಿಕೆಯ ವಿಷಯ ಅಂದರೆ ಆ ನೇತ್ರಾವತಿ ನಮ್ಮದೇ. ನಮ್ಮ ಕುದುರೆಮುಖದ ಸೀಮೆಯಲ್ಲಿ ಹುಟ್ಟುವ ಹೊಳೆ. ತುಂಗೆ, ಭದ್ರೆ ಪೂರ್ವಕ್ಕೆ ಹೋದರು, ಇವಳೊಬ್ಬಳು ಪಶ್ಚಿಮಕ್ಕೆ ಇಳಿದಳು ಅಂತ ಅಜ್ಜಿ ಹೇಳುತ್ತಿದ್ದರು. ಇಳಿದು ಎಲ್ಲಿಗೆ ಹೋದಳು ಅಂತ ನಾವು ಯಾರೂ ಹೋಗಿ ನೋಡಲಿಲ್ಲ.

ಹಾಸನದ ಗೆಳೆಯ ಬೇಲೂರು ಮೇಲೆ ಮೂಡಿಗೆರೆಗೆ ಬಂದು ಸೇರಿಕೊಂಡ. ಶಿರಾಡಿಯಲ್ಲಿ ನೇರ ಇಳಿದಿದ್ದರೆ ಇಷ್ಟೊತ್ತಿಗೆ ಅರ್ಧ ದಾರಿ ಆಗಿರುತ್ತಿತ್ತು ಅಂತ ಗೊಣಗಾಟ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ ಮೇಲೆ ಸುಮ್ಮನಾದ. ಚಾರ್ಮಾಡಿ ಇಳಿಯುವಾಗ ಕಾರಿನ ಕಿಟಕಿಯಲ್ಲಿ ಬರುವ ಗಾಳಿ ಒಂದೊಂದು ತಿರುವಿಗೂ ಬಿಸಿಯಾಗುತ್ತಾ ಹೋಗುತ್ತದೆ. ಉಜಿರೆ ಹೊತ್ತಿಗೆ ಸ್ವೆಟರ್ ಹಿಂದಿನ ಸೀಟಿಗೆ, ಬಂಟ್ವಾಳದ ಹೊತ್ತಿಗೆ ಅಂಗಿಯ ಮೇಲಿನ ಎರಡು ಗುಂಡಿ ಓಪನ್. ಸೆಕೆ ಅಂದರೆ ಸೆಕೆ ಮಾರಾಯ್ರೆ. ಲಾಡ್ಜ್ ಬಗ್ಗೆ ಜಾಸ್ತಿ ಹೇಳಲ್ಲ. ಏಸಿ ರೂಮಿನ ದುಡ್ಡು ಇಸ್ಕೊಂಡು ಫ್ಯಾನ್ ಕೊಟ್ಟರು, ಆ ಫ್ಯಾನೂ ರಾತ್ರಿ ಎರಡಕ್ಕೆ ನಿಂತಿತು.

ನಿದ್ದೆ ಇಲ್ಲದ್ದಕ್ಕೇ ಬೆಳಿಗ್ಗೆ ಬೇಗ ಹೊರಬಿದ್ದೆವು. ಬಂದರಿನ ಹತ್ತಿರ ಧಕ್ಕೆ, ಅಲ್ಲಿಂದ ಬೆಂಗ್ರೆಗೆ ದೋಣಿ ಇದೆ. ಪ್ರವಾಸಿಗಳಿಗೆ ಅಂತ ಇಟ್ಟಿದ್ದಲ್ಲ, ಆಚೆ ದಡದವರು ಕೆಲಸಕ್ಕೆ, ಸ್ಕೂಲಿಗೆ, ಸಂತೆಗೆ ಬಂದು ಹೋಗುವ ದೋಣಿ. ನಮ್ಮ ಊರಿನ ಬೆಳಗಿನ ಬಸ್ಸು ಇದ್ದ ಹಾಗೆ. ಒಬ್ಬರು ಮೀನಿನ ಬುಟ್ಟಿ ಕಾಲ ಹತ್ತಿರ ಇಟ್ಟುಕೊಂಡು ಕೂತಲ್ಲೇ ನಿದ್ದೆ. ಇಬ್ಬರು ಹುಡುಗರು ಹೋಂವರ್ಕ್ ನಕಲು ಮಾಡುತ್ತಿದ್ದರು, ಇಂಜಿನ್ ನಡುಗಿದಾಗೆಲ್ಲ ಅಕ್ಷರ ಸೊಟ್ಟ. ಇಡೀ ದೋಣಿಯಲ್ಲಿ ನೀರು ನೋಡುತ್ತಿದ್ದವರು ನಾವು ನಾಲ್ಕು ಜನ ಮಾತ್ರ.

ದೋಣಿಯವರು ಕೇಳಿದರು, "ಎಲ್ಲಿಂದ ನೀವು?"

"ಚಿಕ್ಕಮಗಳೂರು ಕಡೆಯಿಂದ ಅಣ್ಣಾ."

"ಹೋ, ಘಟ್ಟದವರು. ಮಳೆ ಉಂಟಾ ಅಲ್ಲಿ?"

"ಇಲ್ಲ, ಹೂವಿನ ಮಳೆಗೇ ಕಾಯ್ತಾ ಇದ್ದೀವಿ."

"ನಾವು ಸಹ ಕಾಯುವುದೇ. ಅಲ್ಲಿ ಬಿದ್ದರೆ ಇಲ್ಲಿ ನಳ್ಳಿಯಲ್ಲಿ ಬರುವುದು."

ಅವರು ತಮಾಷೆಗೆ ಹೇಳಿದ್ದಲ್ಲ. ಮಂಗಳೂರಿಗೆ ಕುಡಿಯುವ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ. 2019ರ ಮೇ ತಿಂಗಳಲ್ಲಿ ಅಲ್ಲಿ ನೀರು ತಳ ಕಂಡು ನಗರಕ್ಕೆ ಸರದಿ ಮೇಲೆ ನೀರು ಬಿಡುವ ಹಾಗಾಗಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯೇ ಕುಸಿದು ರಸ್ತೆ ಬಂದ್. ಮೂರು ತಿಂಗಳ ಒಳಗೆ ಒಂದೇ ಹೊಳೆಯ ಸೀಮೆಯಲ್ಲಿ ಎರಡೂ ಆಯಿತು.

ಇಲ್ಲಿಂದ ಎತ್ತಿನಹೊಳೆ ಯೋಜನೆಯ ಮಾತು ಬಾರದೆ ಇರುತ್ತಾ? ಹಾಸನದವನ ನೆಂಟರ ತೋಟ ಸಕಲೇಶಪುರದ ಕಡೆ. ಎತ್ತಿನಹೊಳೆಯೂ ಸೇರಿ ಆ ಕಡೆಯ ಹಳ್ಳಗಳ ನೀರು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಯೋಜನೆಯ ಲೆಕ್ಕದಲ್ಲಿ ವರ್ಷಕ್ಕೆ 24 ಟಿಎಂಸಿ ನೀರನ್ನು ಪೂರ್ವಕ್ಕೆ, ಕೋಲಾರದ ಕಡೆಗೆ ತಿರುಗಿಸಬೇಕು. "ಮಳೆಗಾಲದಲ್ಲಿ ಸಮುದ್ರಕ್ಕೆ ಹೋಗೋ ನೀರು ತಾನೇ" ಅಂದ ಅವನು. ಕೋಲಾರದವರಿಗೆ ನೀರು ಬೇಡ ಅನ್ನಲು ನನಗೂ ಬಾಯಿ ಬರುವುದಿಲ್ಲ, ಸಾವಿರ ಅಡಿ ಬೋರ್ ಕೊರೆಸುವ ಕಷ್ಟ ಗೊತ್ತಿದೆ. ಆದರೆ ಸಮುದ್ರಕ್ಕೆ ಹೋಗುವ ನೀರು ಅಂದರೆ ದಂಡದ ನೀರು ಅಂತ ಲೆಕ್ಕ ಬರೆಯುವವರು ಒಂದು ಸಲ ಮಾರ್ಚಿನಲ್ಲಿ ಬೆಂಗ್ರೆಯ ತುದಿಗೆ ಬಂದು ನಿಲ್ಲಬೇಕು. ಅಲ್ಲಿ ಅಳಿವೆ ಬಾಗಿಲು. ಎರಡು ಹೊಳೆ ಕೂಡಿ ಸಮುದ್ರಕ್ಕೆ ಬೀಳುವ ಜಾಗ. ನಾವು ನೋಡಿದಾಗ ಭರತದ ಹೊತ್ತು. ಹೊಳೆ ಹೊರಗೆ ಹೋಗುತ್ತಿರಲಿಲ್ಲ, ಸಮುದ್ರವೇ ಒಳಗೆ ಬರುತ್ತಿತ್ತು. ಮೇಲಿನಿಂದ ತಳ್ಳುವ ನೀರು ಕಡಿಮೆಯಾದಷ್ಟೂ ಉಪ್ಪು ಮೇಲಕ್ಕೆ ಹತ್ತುತ್ತದೆ. ಗೆಳೆಯ ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು, ಬಾಯಿಗೆ ಹಾಕಿ, ಥೂ ಅಂತ ಉಗಿದ. ವಾದ ಮುಗಿಯಿತು ಅಂತಲ್ಲ, ಊಟದ ತನಕ ನಿಂತಿತು ಅಷ್ಟೇ.

ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ. ಇದರ ಬಗ್ಗೆ ಬರೆದರೆ ಪೋಸ್ಟ್ ಮುಗಿಯುವುದೇ ಇಲ್ಲ.

ಸಂಜೆ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು, ಶತ್ರುಗಳ ಹಡಗು ಹೊಳೆಯೊಳಗೆ ನುಗ್ಗದ ಹಾಗೆ. ಸಣ್ಣದು, ಹತ್ತು ನಿಮಿಷ ಸಾಕು. ಆದರೆ ಅಲ್ಲಿಂದ ತಣ್ಣೀರುಬಾವಿಗೂ ದೋಣಿ ಇದೆ, ಅದನ್ನು ಬಿಡಬೇಡಿ. ಆ ದೋಣಿಯಲ್ಲಿ ಒಬ್ಬ ಸ್ಕೂಟರಿನ ಕಾಲ ಹತ್ತಿರ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು, ಸ್ಕೂಟರಿನಿಂದ ಇಳಿಯದೆ ಹೊಳೆ ದಾಟಿದ. ಈ ದಡದಲ್ಲಿ ಹೆಲ್ಮೆಟ್ ತೆಗೆದು, ಆ ದಡದಲ್ಲಿ ಹಾಕಿಕೊಂಡ.

ಇನ್ನೊಂದು ವಿಷಯ. ನಮ್ಮ ಮನೆಯ ಹೆಂಚು ಮಂಗಳೂರು ಹೆಂಚು. ನಿಮ್ಮದೂ ಅದೇ ಇರಬಹುದು, ಮಲೆನಾಡಿನಲ್ಲಿ ಹಳೆ ಮನೆ ಅಂದ ಮೇಲೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ್ದೇ ಈ ಎರಡು ಹೊಳೆಗಳ ದಡದ ಜೇಡಿಮಣ್ಣು ನಂಬಿಕೊಂಡು. ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ ಬಂದವು, ಈಗ ಹೆಚ್ಚಿನವು ಮುಚ್ಚಿವೆ. ನಮ್ಮ ಗುಡ್ಡದ ಮಣ್ಣು ಮಳೆಗೆ ಕೊಚ್ಚಿ ಹೋಗಿ, ಕೆಳಗೆ ದಡದಲ್ಲಿ ಕೂತು, ಹೆಂಚಾಗಿ ಗಾಡಿಯಲ್ಲಿ ಘಟ್ಟ ಹತ್ತಿ ನಮ್ಮ ಮಾಡಿನ ಮೇಲೇ ಬಂದು ಕೂತಿತಾ ಅಂತ ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. "ಬಿಯರ್ ಇಳಿದಿಲ್ಲ ಇವನಿಗೆ" ಅಂದರು.

ಮನೆಗೆ ಬಂದ ಮರುದಿನ ಹೆಂಚು ಕೈಯಾಡಿಸುವವರು ಬಂದಿದ್ದರು. ಒಡೆದ ಒಂದು ಹೆಂಚು ಕಣದಲ್ಲಿ ಬಿದ್ದಿತ್ತು, ತಿರುಗಿಸಿ ಪಾಚಿ ಕೆರೆದು ನೋಡಿದೆ. ಕಾರ್ಖಾನೆಯ ಹೆಸರು ಅರ್ಧ ಸವೆದಿದೆ, ಮಂಗಳೂರು ಅನ್ನುವುದು ಮಾತ್ರ ಚೆನ್ನಾಗಿ ಓದಲು ಬರುತ್ತದೆ. ಫೋಟೋ ತೆಗೆದು ನಾಲ್ವರ ಗ್ರೂಪಿಗೆ ಹಾಕಿದೆ. ಹಾಸನದವನು ಬರೆದ, "ಮುಂದಿನ ಸಲ ಶಿರಾಡಿಯಲ್ಲೇ ಹೋಗೋಣ ಕಣೋ."