ಬರ್ಲಿನ್ ಅಲ್ವಾ ಸಾರ್!

ಮೊನ್ನೆ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಮಗನ ಚೆಸ್ ಟೂರ್ನಮೆಂಟಿನ ಕೊನೇ ರೌಂಡು. ಅವನು ಒಳಗೆ ಹೋದ. ನಾನು ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದೆ. ಕುರ್ಚಿ ಸಿಗೋದು ಎಷ್ಟು ಕಷ್ಟ ಅಂತ ಚೆಸ್ ಅಪ್ಪ-ಅಮ್ಮಂದಿರಿಗೆ ಹೇಳಬೇಕಾಗಿಲ್ಲ. ಕಾಫಿ ಬಾಯಿಗಿಡುವಷ್ಟರಲ್ಲಿ ಹುಡುಗ ಹೊರಗೆ.

‘ಡ್ರಾ ಅಪ್ಪಾ.’

ಬರೀ 14 ನಡೆ! ಎದುರಾಳಿ ಹುಡುಗನ ಅಪ್ಪ ಸ್ಕೋರ್‌ಶೀಟ್ ಕಿತ್ತುಕೊಂಡು ನೋಡಿ, ಮಗಳಿಗೆ ಒಳ್ಳೆ ಸಂಬಂಧ ಕೂಡಿಬಂದ ಹಾಗೆ ಮುಖ ಅರಳಿಸಿದರು. ‘ಬರ್ಲಿನ್ ಸಾರ್!’ ಬರ್ಲಿನ್ ಅಂದರೆ ಊರಲ್ಲ, ಚೆಸ್ ಆಟ ಶುರು ಮಾಡುವಾಗ ಕಪ್ಪು ಕಾಯಿಯವರು ಆಡುವ ಒಂದು ರಕ್ಷಣೆ.

ಇಷ್ಟು ಬೇಗ ಮುಗಿಸೋದಾ ಅಂದೆ.

‘ಬರ್ಲಿನ್ ಅಲ್ವಾ ಸಾರ್.’

ಎಂಟ್ರಿ ಫೀಸು ಕಟ್ಟಿದೀವಲ್ಲ ಅಂದೆ.

‘2000ದಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕ್ರಾಮ್ನಿಕ್ ಇದೇ ಬರ್ಲಿನ್ ಆಡಿ ಕಾಸ್ಪರೋವ್‌ನ ಕಟ್ಟಿಹಾಕಿದ್ದು ಸಾರ್. ಒಂದು ಆಟಾನೂ ಗೆಲ್ಲೋಕೆ ಬಿಡಲಿಲ್ಲ.’

ನಿಜವೇ. ಆದರೆ ಕ್ರಾಮ್ನಿಕ್ ಬೋರ್ಡಿನಿಂದ ಎರಡೂ ಮಂತ್ರಿಗಳು ಹೋದ ಮೇಲೂ ಕೂತು ಬೆವರು ಸುರಿಸಿದ. ನಮ್ಮ ಮಕ್ಕಳದ್ದು ಅದರ ಶಾರ್ಟ್‌ಕಟ್. ಒಂದಿಷ್ಟು ಕುದುರೆ, ಒಂಟೆ ಹೊಡೆದುಕೊಂಡು ಹೋಗುತ್ತವೆ. ಆಮೇಲೆ ಬಿಳಿ ಮಂತ್ರಿ ಪಕ್ಕದ ಮನೆಗೆ ಸರಿದು ಚೆಕ್ ಅನ್ನುತ್ತಾನೆ. ಕಪ್ಪು ಮಂತ್ರಿ ಅಡ್ಡ ಬರುತ್ತಾನೆ. ಬಿಳಿ ವಾಪಸ್. ಕಪ್ಪೂ ವಾಪಸ್. ಮತ್ತೆ ಚೆಕ್, ಮತ್ತೆ ಅಡ್ಡ. ಒಂದೇ ಸ್ಥಿತಿ ಮೂರು ಸಲ ಬಂತು, ಡ್ರಾ ಅಂತ ಕೈ ಕುಲುಕಿ ಎದ್ದುಬಿಡೋದು. ಆನೆಗಳು ಬಂದಿದ್ದೇ ದಂಡ.

ಗಾಡಿ ಎಲ್ಲಿ ನಿಲ್ಲಿಸಿದೀನಿ ಗೊತ್ತಾ ಸಾರ್ ಅಂದೆ. ಅದಕ್ಕೂ ಅವರ ಹತ್ತಿರ ಉತ್ತರವಿತ್ತು. ‘2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲ್‌ಸನ್, ಕರುವಾನ 12ಕ್ಕೆ 12 ಆಟ ಡ್ರಾ ಮಾಡಿಕೊಂಡ್ರು ಸಾರ್.’ ಮೊದಲನೇ ಆಟವೇ 115 ನಡೆ ಹೋಗಿತ್ತು, ಅದನ್ಯಾಕೆ ಹೇಳಲ್ಲ ಅಂದೆ. ಅವರಿಗೆ ಅಷ್ಟರಲ್ಲಿ ಫೋನ್ ಬಂತು. ‘ಹಾಂ, ಬರ್ಲಿನ್ ಆಡ್ದ’ ಅಂತ ಶುರು.

ಆಡಬಹುದಿತ್ತಲ್ಲೋ ಅಂತ ಮಗನನ್ನು ಕೇಳಿದೆ. ‘ಸೋತ್ರೆ ರೇಟಿಂಗ್ ಅಂಕ ಹೋಗುತ್ತಪ್ಪಾ.’ ನಮ್ಮೂರ ಅಂಗಡಿ ಕಟ್ಟೆಯಲ್ಲಿ ರೇಟಿಂಗ್ ಯಾರಿಗಿತ್ತು? ಕರೆಂಟ್ ಹೋದರೂ ಮೇಣದಬತ್ತಿ ಹಚ್ಚಿಕೊಂಡು ಆಡಿ, ಸೋತು, ಜಗಳ ಮಾಡಿಕೊಂಡೇ ಮನೆಗೆ ಹೋಗುತ್ತಿದ್ದೆವು.

ಸಂಜೆ ಪಟ್ಟಿ ಅಂಟಿಸಿದರು. ಒಂದೇ ಪಾಯಿಂಟಿನಲ್ಲಿ ಒಂದು ದಂಡು ಹುಡುಗರು. ಸಮ ಆದವರಲ್ಲಿ ಯಾರು ಮೇಲೆ ಅನ್ನೋದಕ್ಕೆ ಬೇರೊಂದು ಲೆಕ್ಕ. ಟ್ರೋಫಿ ನಮ್ಮ ಇಬ್ಬರಿಗೂ ಇಲ್ಲ. ನಾನು ಆ ಅಪ್ಪನ ಮುಖ ನೋಡಿದೆ.

‘ಟೈಬ್ರೇಕ್ ಅಲ್ವಾ ಸಾರ್’ ಎಂದರು.