ಮೂಗು ಕೊಡುವ ತೀರ್ಪು

ಒರೆಸಿದ ನೆಲವನ್ನು ಕಣ್ಣಿನಿಂದ ಪರೀಕ್ಷಿಸುತ್ತೇವೆಂದು ನಾವೆಲ್ಲ ತಿಳಿದುಕೊಂಡಿದ್ದರೂ ನಿಜವಾದ ಪರೀಕ್ಷಕ ಮೂಗು. ಮನೆಗೆ ಬಂದವರು ಒಮ್ಮೆ ಉಸಿರೆಳೆದುಕೊಂಡು “ಈಗ ತಾನೇ ಒರೆಸಿದಿರಾ?” ಎಂದು ಕೇಳುತ್ತಾರೆ. ನೆಲ ಒಣಗಿ ಗಂಟೆ ಕಳೆದಿದ್ದರೂ ಫಿನಾಯಿಲಿನ ವಾಸನೆ ನಮ್ಮ ಪರವಾಗಿ ಸಾಕ್ಷಿ ನುಡಿಯುತ್ತಿರುತ್ತದೆ. ಅದೇ ನೆಲವನ್ನು ಬರಿಯ ಸೋಪಿನ ನೀರಿನಿಂದ ಎರಡೆರಡು ಸಲ ತಿಕ್ಕಿ ಒರೆಸಿದ ದಿನ ಯಾರೂ ಏನೂ ಕೇಳುವುದಿಲ್ಲ. ತನ್ನದೆಂದು ಹೇಳಿಕೊಳ್ಳಲು ಒಂದು ವಾಸನೆಯೂ ಇಲ್ಲದಿರುವುದು ಸ್ವಚ್ಛತೆಯ ದುರದೃಷ್ಟ.

ನೆಲ ಒರೆಸುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ ಸಿಂಕಿನ ಕೆಳಗಿನ ಕಪಾಟೂ ನನ್ನ ಅಧೀನದಲ್ಲಿದೆ. ಅಲ್ಲಿ ಎರಡು ಪಕ್ಷಗಳಿವೆ. ಎಡಗಡೆ ಬ್ಲೀಚ್, ಫಿನಾಯಿಲ್, ಶೌಚಾಲಯ ತೊಳೆಯುವ ಆ್ಯಸಿಡ್. ಎಲ್ಲದರ ಮೈಮೇಲೂ ಭೂತಗನ್ನಡಿಯಿಲ್ಲದೆ ಓದಲಾಗದ ಎಚ್ಚರಿಕೆಗಳು. ಬಲಗಡೆ ವಿನೆಗರ್, ಅಡುಗೆ ಸೋಡಾ, ಹಸಿರು ಎಲೆಯ ಚಿತ್ರ ಹೊತ್ತ ಒಂದು ಸೌಮ್ಯ ಬಾಟಲಿ. ನನ್ನ ಹೆಂಡತಿ ಬಲಪಕ್ಷದ ನಿಷ್ಠಾವಂತ ಕಾರ್ಯಕರ್ತೆ. ಒಮ್ಮೆ ನಾನು ಬ್ಲೀಚ್ ತಂದಿಟ್ಟಾಗ “ರೀ, ಆ ವಿಷ ಮತ್ತೆ ತಂದ್ರಾ?” ಎಂದಳು. “ವಿಷ ಅಲ್ಲ ಕಣೇ, ಉಪ್ಪುನೀರು” ಎಂದೆ.

ವಾದಕ್ಕಾಗಿ ಹೇಳಿದ ಮಾತಾದರೂ ಅದರಲ್ಲಿ ಹುರುಳಿತ್ತು. ಉಪ್ಪುನೀರಿನೊಳಗೆ ವಿದ್ಯುತ್ ಹಾಯಿಸಿದರೆ ಕ್ಲೋರಿನ್ ಅನಿಲವೂ ಕಾಸ್ಟಿಕ್ ಸೋಡಾವೂ ಹುಟ್ಟುತ್ತವೆ. ಅವೆರಡನ್ನು ಕೂಡಿಸಿದರೆ ಸಿಗುವ ಸೋಡಿಯಂ ಹೈಪೋಕ್ಲೋರೈಟೇ ಬ್ಲೀಚಿನ ಜೀವಾಳ. ಕಪಾಟಿನಲ್ಲಿ ಮರೆತುಬಿಟ್ಟರೆ ಅದು ತಿಂಗಳುಗಳಲ್ಲಿ ಕಸುವು ಕಳೆದುಕೊಳ್ಳುತ್ತಾ ಬಹುಮಟ್ಟಿಗೆ ಉಪ್ಪುನೀರಾಗಿಯೇ ಮುಗಿಯುತ್ತದೆ. ಇನ್ನೂ ವಿಚಿತ್ರವೆಂದರೆ, ನಮ್ಮ ರಕ್ತದ ಬಿಳಿಕಣಗಳಲ್ಲಿ ಒಂದು ಜಾತಿಯವು ತಾವು ನುಂಗಿದ ರೋಗಾಣುಗಳನ್ನು ಕೊಲ್ಲಲು ಇದೇ ಕುಲದ ಹೈಪೋಕ್ಲೋರಸ್ ಆಮ್ಲವನ್ನು ಸ್ವತಃ ತಯಾರಿಸಿಕೊಳ್ಳುತ್ತವೆ. ಹಾಗಾದರೆ ನಿಸರ್ಗದ್ದು ಯಾವುದು, ರಾಸಾಯನಿಕ ಯಾವುದು? ಹುಟ್ಟಿಗೂ ಸಾವಿಗೂ ನಡುವೆ ಆ ಉಪ್ಪುನೀರು ಕಣ್ಣು, ಚರ್ಮ, ಶ್ವಾಸಕೋಶಗಳನ್ನು ಸುಡಬಲ್ಲದು ಎಂಬ ಸಂಗತಿಯನ್ನು ನಾನು ಅಂದು ಹೇಳಲಿಲ್ಲ; ವಾದಿಸುವವರು ಎಲ್ಲವನ್ನೂ ಹೇಳುವುದಿಲ್ಲ.

ಬಲಪಕ್ಷದವರೂ ಹೇಳದೆ ಬಿಡುವ ಮಾತುಗಳಿವೆ. ವಿನೆಗರ್ ಎಂದರೆ ನೂರರಲ್ಲಿ ಸುಮಾರು 5 ಪಾಲು ಅಸಿಟಿಕ್ ಆಮ್ಲ, ಉಳಿದದ್ದು ಬಹುತೇಕ ನೀರು. ನಲ್ಲಿಗೆ ಕಟ್ಟಿದ ಬಿಳಿಯ ಸುಣ್ಣದ ಪದರವನ್ನು ಅದು ಕರಗಿಸುವ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅಮೃತಶಿಲೆಯೂ ಸುಣ್ಣದ ಬಂಧುವೇ ಆದ್ದರಿಂದ ಅದನ್ನೂ ಅಷ್ಟೇ ಪ್ರೀತಿಯಿಂದ ತಿನ್ನುತ್ತದೆ. ರೋಗಾಣುಗಳ ವಿಷಯದಲ್ಲಿ ಮಾತ್ರ ಅದರ ಕೈ ಸಡಿಲ. ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಉಕ್ಕುವುದನ್ನು ನೋಡುವ ಸುಖವನ್ನು ನಾನೂ ಸಿಂಕಿನ ಮುಂದೆ ನಿಂತು ಅನುಭವಿಸಿದ್ದೇನೆ. ಆದರೆ ಅದು ಆಮ್ಲವೂ ಕ್ಷಾರವೂ ಒಂದನ್ನೊಂದು ಮುಗಿಸಿಕೊಳ್ಳುವ ಸದ್ದು. ಅನಿಲ ಹಾರಿಹೋದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ಸಪ್ಪೆ ನೀರು. ಬೇರೆ ಬೇರೆಯಾಗಿ ಬಳಸಿದ್ದರೆ ಎರಡೂ ಒಂದಿಷ್ಟು ದುಡಿಯುತ್ತಿದ್ದವು.

ಸೋಂಕುನಿವಾರಕಗಳ ಚರಿತ್ರೆಯಲ್ಲೂ ಮೂಗಿನ ಕೈವಾಡ ಇದೆಯೆಂದು ತಿಳಿದಾಗ ನನಗೆ ಸಮಾಧಾನವಾಯಿತು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ, ಶವಪರೀಕ್ಷೆ ಮುಗಿಸಿ ಬಂದ ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಹಟ ಹಿಡಿದ ಇಗ್ನಾಜ್ ಸೆಮ್ಮೆಲ್‌ವೈಸ್ ಅದನ್ನೇ ಆರಿಸಿಕೊಂಡದ್ದು ಹೆಣದ ವಾಸನೆಯನ್ನು ಅದು ಚೆನ್ನಾಗಿ ಹೋಗಲಾಡಿಸುತ್ತದೆ ಎಂಬ ಕಾರಣಕ್ಕೆ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. 1860ರ ದಶಕದಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಹಚ್ಚಲು ತೊಡಗಿದ್ದೂ ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ನಾತಕ್ಕೆ ಅದನ್ನು ಬಳಸುತ್ತಿದ್ದ ಸುದ್ದಿ ತಿಳಿದು. ಮೂಗು ತಪ್ಪು ಕಾರಣ ಹಿಡಿದು ಸರಿಯಾದ ಬಾಟಲಿಯ ಬಳಿಗೆ ಕರೆದೊಯ್ದಿತ್ತು. ಆ ಯಶಸ್ಸಿನ ಹಮ್ಮು ಅದಕ್ಕೆ ಇನ್ನೂ ಇಳಿದಿಲ್ಲವೆಂದು ನನ್ನ ಗುಮಾನಿ.

ಬಾಟಲಿಗಳ ಮೇಲಿನ ‘ಶೇಕಡಾ 99.9’ ಎಂಬ ಘೋಷಣೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿದೆ. ಹತ್ತು ಲಕ್ಷ ರೋಗಾಣುಗಳಿದ್ದಲ್ಲಿ ಸಾವಿರ ಉಳಿಯುತ್ತವೆ. ಅದೂ ಭೂತಗನ್ನಡಿಯ ಅಕ್ಷರಗಳಲ್ಲಿ ಹೇಳಿದಷ್ಟು ಹೊತ್ತು ಜಾಗ ಒದ್ದೆಯಾಗಿದ್ದರೆ. ಕೆಲವಕ್ಕೆ ಆ ಹೊತ್ತು 10 ನಿಮಿಷ. ನಾನು ಸಿಂಪಡಿಸಿ ಹತ್ತು ಸೆಕೆಂಡಿನಲ್ಲಿ ಒರೆಸಿಬಿಡುತ್ತಿದ್ದೆನಾದ್ದರಿಂದ ನನ್ನ ಮನೆಯ ರೋಗಾಣುಗಳಿಗೆ ಇಷ್ಟು ವರ್ಷ ದೊರೆತದ್ದು ಪರಿಮಳದ ಸ್ನಾನವೇ ಇರಬೇಕು. ಮೇಲಾಗಿ ಕೊಳೆ ಇರುವ ಕಡೆ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಯೊಡನೆ ಸೆಣಸುವುದರಲ್ಲೇ ಖರ್ಚಾಗಿಹೋಗುತ್ತದೆ. ಮೊದಲು ಸೋಪು ಹಾಕಿ ಕೊಳೆ ತೆಗೆಯಬೇಕು. ಹಾಗೆ ತೆಗೆಯುವಾಗ ರೋಗಾಣುಗಳೂ ಬಹುಪಾಲು ನೀರಿನ ಜೊತೆಗೆ ಹೊರಟುಹೋಗುವುದರಿಂದ, ದಿನನಿತ್ಯದ ನೆಲಕ್ಕೆ ಎಡಪಕ್ಷದ ಸೇವೆಯೂ ಬೇಕಿಲ್ಲ, ಬಲಪಕ್ಷದ್ದೂ ಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ ಮಾತು ಬೇರೆ. ಅದಕ್ಕೆ ಕಾರಣವಾಗುವ ನೊರೊವೈರಸ್ಸಿನಂಥವಕ್ಕೆ ವಿನೆಗರ್ ಲೆಕ್ಕಕ್ಕಿಲ್ಲ; ಅಂದು ನಾನು ಕಿಟಕಿ ತೆರೆದು, ಕೈಗವಸು ಹಾಕಿಕೊಂಡು, ಯಾರ ಅಪ್ಪಣೆಗೂ ಕಾಯದೆ ಬ್ಲೀಚನ್ನೇ ಎತ್ತಿಕೊಳ್ಳುತ್ತೇನೆ.

ಎರಡು ಪಕ್ಷಗಳ ಸಮ್ಮಿಶ್ರ ಸರ್ಕಾರವನ್ನೂ ಒಮ್ಮೆ ರಚಿಸಿದ್ದೆ. ಬ್ಲೀಚ್ ಹಾಕಿದ್ದ ಬಚ್ಚಲಿಗೆ, ಇನ್ನಷ್ಟು ಹೊಳೆಯಲೆಂಬ ಆಸೆಯಿಂದ, ವಿನೆಗರ್ ಸುರಿದೆ. ಆಮ್ಲ ತಾಗಿದೊಡನೆ ಬ್ಲೀಚ್ ಕ್ಲೋರಿನ್ ಅನಿಲವನ್ನು ಬಿಟ್ಟುಕೊಡುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಬೆಲ್ಜಿಯಂನ ಈಪ್ರದ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದೇ ಅನಿಲವೆಂದು ನಾನು ಆಮೇಲೆ ಓದಿದೆ. ಗಂಟಲು ಹಿಡಿದು, ಕಣ್ಣಲ್ಲಿ ನೀರು ತುಂಬಿ ಹೊರಗೋಡಿದ ಆ ಗಳಿಗೆಯಲ್ಲಿ ಮೂಗು ಕೊಟ್ಟ ತೀರ್ಪಿಗೆ ಮೇಲ್ಮನವಿಯ ಪ್ರಶ್ನೆಯೇ ಇರಲಿಲ್ಲ. ಸರ್ಕಾರ ಅರ್ಧ ನಿಮಿಷದಲ್ಲಿ ಬಿತ್ತು. ಹೆಂಡತಿ “ಉಪ್ಪುನೀರು ಅಂದಿದ್ರಲ್ಲ” ಎಂದಳು, ಅಷ್ಟೇ. ಆ್ಯಸಿಡ್ ಬಾಟಲಿಯೂ ವಿನೆಗರೂ ಈಗ ಬ್ಲೀಚಿನಿಂದ ದೂರ, ಬೇರೊಂದು ಕಪಾಟಿನಲ್ಲಿ ವಾಸವಾಗಿವೆ.

ಈಚೆಗೆ ನಾನು ಸೋಪಿನ ನೀರಿನಿಂದಲೇ ನೆಲ ಒರೆಸುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಆದರೆ ನೆಂಟರು ಬರುವ ದಿನ, ಹೆಂಡತಿ ಒಳಗಿರುವ ಸಮಯ ನೋಡಿಕೊಂಡು, ಇನ್ನೊಂದು ಬಕೆಟ್ಟಿನ ತಿಳಿನೀರಿಗೆ ಅರ್ಧ ಮುಚ್ಚಳ ಫಿನಾಯಿಲ್ ಬಿಡುತ್ತೇನೆ. ಅದು ನೀರಿನಲ್ಲಿ ಹಾಲಿನಂತೆ ಬೆಳ್ಳಗೆ ಹರಡುವುದನ್ನು ಒಂದು ಕ್ಷಣ ನೋಡಿ, ಬಟ್ಟೆ ಅದ್ದಿ, ಹೊಸ್ತಿಲಿನ ಪಕ್ಕದ ಎರಡು ಅಡಿ ಜಾಗವನ್ನು ಮಾತ್ರ ಒರೆಸುತ್ತೇನೆ.